ಯುರೋಪಿನ ಸೆಕ್ಯುಲರಿಸಂ ಮತ್ತು ಕ್ಯಾಥೊಲಿಕ್ ಚರ್ಚು

ಯುರೋಪಿನ ಸೆಕ್ಯುಲರಿಸಂ ಕುರಿತು ಬರೆಯುವಾಗ ನಮ್ಮ ವಿದ್ಯಾರ್ಥಿಗಳು ‘ಜಾತ್ಯತೀತತೆ’ ಎಂಬ ಪದವನ್ನು ನಿಸ್ಸಂಕೋಚವಾಗಿ ಬಳಸುತ್ತಾರೆ. ವಿಜ್ಞಾನವು ಮತಶ್ರದ್ಧೆಯನ್ನು ಸೋಲಿಸಿದ ಕಥೆಯನ್ನೂ ಅದಕ್ಕೆ ಜೋಡಿಸುತ್ತಾರೆ. ಇವೆರಡೂ ಒಪ್ಪತಕ್ಕವಲ್ಲ. ವಸ್ತುತಃ ‘ಸೆಕ್ಯುಲರ್’ ಎಂಬುದು ಚರ್ಚಿನ ಒಳಗೇ ಬೆಳೆದ ಪರಿಭಾಷೆ. ಲ್ಯಾಟಿನ್ನಿನ ‘ಸೆಕ್ಯುಲಮ್’ ಎಂದರೆ ಯುಗ, ಇಹಲೋಕ. ಸನ್ಯಾಸಿ ಮಠದ ನಿಯಮಗಳಿಗೆ ಒಳಪಡದೆ ಊರ ಜನರ ನಡುವೆ ಸೇವೆ ಸಲ್ಲಿಸುವ ಪಾದ್ರಿಯನ್ನೂ ಚರ್ಚು ಇದೇ ವಿಶೇಷಣದಿಂದ ಗುರುತಿಸಿತು. ಇಹ-ಪರಗಳ ನಡುವಣ ಗೆರೆಯನ್ನು ಪ್ರಭುತ್ವ ಮುಂದೆ ತನಗೆ ಬೇಕಾದಂತೆ ಸರಿಸಿಕೊಂಡಿತು.

ಎಷ್ಟು ಬಲವಾಗಿ ಸರಿಸಿತೆಂಬುದು ಚರ್ಚು ಯಾರ ಪಕ್ಕದಲ್ಲಿ ನಿಂತಿತ್ತೆಂಬುದನ್ನು ಅವಲಂಬಿಸಿತ್ತೆಂದು ನನ್ನ ಅಭಿಪ್ರಾಯ. ಫ್ರಾನ್ಸಿನಲ್ಲಿ ಅದು ಸಿಂಹಾಸನದ ಪಕ್ಕದಲ್ಲಿತ್ತು. 1789ರ ನವೆಂಬರಿನಲ್ಲಿ ಕ್ರಾಂತಿಯ ಶಾಸನಸಭೆ ಚರ್ಚಿನ ಆಸ್ತಿಯನ್ನು ರಾಷ್ಟ್ರದ ವಶಕ್ಕೆ ತಂದಿತು. ಮರುವರ್ಷ ಪಾದ್ರಿಗಳನ್ನು ಸರ್ಕಾರದ ಸಂಬಳದಾರರನ್ನಾಗಿಸಿ ನಿಷ್ಠೆಯ ಪ್ರಮಾಣವನ್ನೂ ಕೇಳಿತು; ಪ್ರಮಾಣ ಮಾಡಿದವರು, ಒಲ್ಲೆನೆಂದವರು ಎಂದು ಪಾದ್ರಿವರ್ಗವೇ ಇಬ್ಭಾಗವಾಯಿತು. 1801ರಲ್ಲಿ ನೆಪೋಲಿಯನ್ ಪೋಪರೊಡನೆ ಒಪ್ಪಂದ ಮಾಡಿಕೊಂಡರೂ ಆ ಗಾಯ ಮಾಯಲಿಲ್ಲ. 1864ರಲ್ಲಿ ಒಂಬತ್ತನೆಯ ಪಯಸ್ ಪೋಪರು ಪ್ರಕಟಿಸಿದ ‘ದೋಷಗಳ ಪಟ್ಟಿ’ಯಲ್ಲಿ ಚರ್ಚು-ಪ್ರಭುತ್ವಗಳ ಬೇರ್ಪಡೆಯೂ ಒಂದು ದೋಷ! 1882ರಲ್ಲಿ ಫ್ರಾನ್ಸಿನ ಸರ್ಕಾರಿ ಪ್ರಾಥಮಿಕ ಶಾಲೆಗಳಿಂದ ಮತಬೋಧೆ ಹೊರಬಿತ್ತು. 1905ರ ಕಾಯಿದೆ ಬೇರ್ಪಡೆಯನ್ನು ಪೂರ್ಣಗೊಳಿಸಿತು. ಆದರೆ ಅಂದು ಜರ್ಮನಿಯ ಕೈಯಲ್ಲಿದ್ದ ಆಲ್ಸೇಸ್ ಪ್ರಾಂತಕ್ಕೆ ಆ ಕಾಯಿದೆ ಇಂದಿಗೂ ಅನ್ವಯಿಸುವುದಿಲ್ಲ; ಅಲ್ಲಿನ ಪಾದ್ರಿಗಳಿಗೆ ಈಗಲೂ ಸರ್ಕಾರವೇ ಸಂಬಳ ಕೊಡುತ್ತದೆ.

ಐರ್ಲೆಂಡಿನ ಸ್ಥಿತಿ ಬೇರೆ. ಪ್ರೊಟೆಸ್ಟೆಂಟ್ ಇಂಗ್ಲೆಂಡಿನ ಆಳ್ವಿಕೆಯಲ್ಲಿ ಕ್ಯಾಥೊಲಿಕ್ ಚರ್ಚೇ ಬಡರೈತರ ಆಸರೆಯಾಗಿತ್ತು; ರಾಷ್ಟ್ರೀಯತೆಯೂ ಅದರ ನೆರಳಿನಲ್ಲೇ ಬೆಳೆಯಿತು. 1937ರ ಸಂವಿಧಾನ ಆ ಚರ್ಚಿಗೆ ‘ವಿಶೇಷ ಸ್ಥಾನ’ವನ್ನು ಮನ್ನಿಸಿತು, ಅದನ್ನು ತೆಗೆದುಹಾಕಿದ್ದು 1972ರ ಜನಮತಗಣನೆ. ವಿಚ್ಛೇದನದ ನಿಷೇಧ 1995ರಲ್ಲಿ ಕೂದಲೆಳೆಯ ಅಂತರದಿಂದ ರದ್ದಾಯಿತು. ಚರ್ಚಿನ ಆಶ್ರಯದಲ್ಲಿದ್ದ ಮಕ್ಕಳು ಅನುಭವಿಸಿದ ದೌರ್ಜನ್ಯವನ್ನು 2009ರ ತನಿಖಾ ವರದಿಗಳು ವಿವರವಾಗಿ ಬಯಲಿಗೆಳೆದವು. 2018ರಲ್ಲಿ ಗರ್ಭಪಾತದ ಸಾಂವಿಧಾನಿಕ ನಿಷೇಧವನ್ನು ಅದೇ ಜನ ಭಾರೀ ಬಹುಮತದಿಂದ ಕಿತ್ತುಹಾಕಿದರು. ಇಲ್ಲಿ ಕುಸಿದದ್ದು ದೈವಶ್ರದ್ಧೆಗಿಂತ ಮಿಗಿಲಾಗಿ ಚರ್ಚಿನ ನೈತಿಕ ಅಧಿಕಾರ.

ಈ ಎರಡು ಚರಿತ್ರೆಗಳನ್ನೂ ‘ಜಾತ್ಯತೀತ’ ಎಂಬ ಪದ ಹೊರಲಾರದು. ಅದು ನಮ್ಮ ಜಾತಿಯ ಸಂಕಟದಿಂದ ಹುಟ್ಟಿದ್ದು. ಜೇಮ್ಸ್ ಜಾಯ್ಸನ ನಾಯಕ ಸ್ಟೀಫನ್ ಚರ್ಚಿನಿಂದ ದೂರ ಸರಿದುದನ್ನು ಜಾತ್ಯತೀತ ಮನೋಧರ್ಮವೆಂದು ವಿವರಿಸುವ ಪ್ರಬಂಧವನ್ನು ಓದಿದಾಗ, ಅದಕ್ಕಿಂತ ‘ಸೆಕ್ಯುಲರ್’ ಎಂಬುದನ್ನೇ ಕನ್ನಡ ಲಿಪಿಯಲ್ಲಿ ಬರೆದಿದ್ದರೆ ಲೇಸಿತ್ತೆನಿಸುತ್ತದೆ.