ದೇಶಪ್ರೇಮ ಒಂದೇ ಸಾಕೇ?

ಜನವರಿ 29ರ ಸಂಜೆ ನಮ್ಮ ಮನೆಯಲ್ಲಿ ಟಿ.ವಿ. ಎದುರಿನ ಕುರ್ಚಿ ದೊಡ್ಡಪ್ಪನಿಗೆ ಮೀಸಲು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. 1971ರಲ್ಲಿ ಪಶ್ಚಿಮದ ಗಡಿಯಲ್ಲಿ ನೆಲಬಾಂಬ್ ತೆಗೆಯುವ ಕೆಲಸದಲ್ಲಿದ್ದರು. ದೆಹಲಿಯ ವಿಜಯ ಚೌಕದಲ್ಲಿ ‘ಬೀಟಿಂಗ್ ರಿಟ್ರೀಟ್’ ನಡೆಯುವಾಗ ಯಾರಾದರೂ ಮಾತಾಡಿದರೆ ಗದರುತ್ತಾರೆ. ಕೊನೆಯಲ್ಲಿ ವಾದ್ಯಗಳು ಮೆತ್ತಗಾಗಿ ‘ಅಬೈಡ್ ವಿತ್ ಮಿ’ ಶುರುವಾಗಿ, ದೂರದಿಂದ ಗಂಟೆಗಳ ದನಿ ಬಂತೆಂದರೆ ಮಂಡಿ ಹಿಡಿದುಕೊಂಡು ಎದ್ದು ನಿಲ್ಲುತ್ತಿದ್ದರು.

2022ರಲ್ಲಿ ಆ ಕೀರ್ತನೆ ಬರಲಿಲ್ಲ. ಆ ವರ್ಷ ಅದರ ಬದಲು ನುಡಿಸಿದ್ದು ‘ಏ ಮೇರೆ ವತನ್ ಕೆ ಲೋಗೋಂ’. ದೊಡ್ಡಪ್ಪ ಅದಕ್ಕೂ ಎದ್ದು ನಿಂತರು, ಕಣ್ಣೊರೆಸಿಕೊಂಡರು. ಕೂತ ಮೇಲೆ ಹೇಳಿದ್ದು ಇಷ್ಟೇ: “ಇದು ಸತ್ತವರಿಗೆ ಹಾಡೋದು ಕಣಪ್ಪ. ಅದು ಸಾಯೋಕ್ ಮುಂಚೆ ಹಾಡೋದು.”

ಆ ಮಾತು ನನ್ನನ್ನು ಬಿಡಲಿಲ್ಲ. ಕ್ರೈಸ್ತನೊಬ್ಬನ ದೇಶಪ್ರೇಮದಲ್ಲಿ ಅವನ ವಿಶ್ವಾಸಕ್ಕೆ ಇರುವ ಕೆಲಸವೇನು ಎಂಬ ಪ್ರಶ್ನೆಗೆ ಅಲ್ಲೇ ಉತ್ತರವಿದೆ ಅನ್ನಿಸಿತು.

ಮೊದಲು ಆಚರಣೆಯ ಅರ್ಥ. ಹಿಂದೆ ಯುದ್ಧ ನಡೆಯುತ್ತಿದ್ದದ್ದು ಹಗಲಿನಲ್ಲಿ. ಸೂರ್ಯ ಮುಳುಗುವಾಗ ಕಹಳೆ ಊದಿದರೆ ಸೈನಿಕರು ಆಯುಧ ಇಳಿಸಿ ಶಿಬಿರಕ್ಕೆ ಮರಳಬೇಕು, ಬಾವುಟ ಇಳಿಸಬೇಕು. ಅದರ ನೆನಪೇ ಬೀಟಿಂಗ್ ರಿಟ್ರೀಟ್. ನಮ್ಮಲ್ಲಿ 1950ರ ದಶಕದಿಂದ ಗಣರಾಜ್ಯೋತ್ಸವಕ್ಕೆ ತೆರೆ ಬೀಳುವುದು ಇದರಿಂದಲೇ. ಜನವರಿ 26ರಂದು ದೇಶ ತನ್ನ ಬಲ ತೋರಿಸುತ್ತದೆ. 29ರಂದು ಆಯುಧ ಕೆಳಗಿಡುವುದನ್ನು ನೆನೆಯುತ್ತದೆ.

ಇನ್ನು ಕೀರ್ತನೆ. ಇಂಗ್ಲೆಂಡಿನ ಬ್ರಿಕ್ಸ್‌ಹ್ಯಾಮ್ ಎಂಬ ಮೀನುಗಾರರ ಊರಿನಲ್ಲಿ ಸಭಾಪಾಲಕರಾಗಿದ್ದ ಹೆನ್ರಿ ಫ್ರಾನ್ಸಿಸ್ ಲೈಟ್ ಕ್ಷಯದಿಂದ ಸಾಯುತ್ತಿದ್ದರು. 1847ರಲ್ಲಿ ಕೀರ್ತನೆ ಮುಗಿಯಿತು, ಅದೇ ವರ್ಷ ಅವರೂ ಮುಗಿದರು. ಇಂದು ನಾವು ಕೇಳುವ ಧಾಟಿಯನ್ನು ವಿಲಿಯಂ ಹೆನ್ರಿ ಮಂಕ್ ಕೂಡಿಸಿದ್ದು 1861ರಲ್ಲಿ. ಮೂಲ ಇರುವುದು ಲೂಕನ ಸುವಾರ್ತೆಯ 24ನೇ ಅಧ್ಯಾಯದಲ್ಲಿ: ಎಮ್ಮಾಹುವಿನ ದಾರಿಯಲ್ಲಿ ಇಬ್ಬರು ಶಿಷ್ಯರು ಜೊತೆಗೆ ನಡೆದು ಬಂದ ಅಪರಿಚಿತನನ್ನು, ಹೊತ್ತು ಮುಳುಗಿತು, ನಮ್ಮಲ್ಲೇ ಉಳಿ ಎಂದು ಒತ್ತಾಯ ಮಾಡುತ್ತಾರೆ. ಕೀರ್ತನೆಯಲ್ಲಿ ದೇಶದ ಹೆಸರಿಲ್ಲ, ಶತ್ರುವಿನ ಸೋಲನ್ನು ಬೇಡುವುದೂ ಇಲ್ಲ. ಕತ್ತಲಾಗುವಾಗ ಒಂಟಿಯಾಗಿ ಬಿಡಬೇಡ ಎನ್ನುವುದೇ ಅದರ ಮೊರೆ. ಗಾಂಧೀಜಿಗೆ ಇದು ಅಚ್ಚುಮೆಚ್ಚಾಗಿತ್ತು. ಅವರು ತೀರಿಕೊಂಡ ಜನವರಿ 30ರ ಹಿಂದಿನ ಸಂಜೆ ಅದನ್ನು ನುಡಿಸುತ್ತಿದ್ದುದರಿಂದ ಅದಕ್ಕೆ ಇನ್ನೊಂದು ಅರ್ಥವೂ ಸೇರಿಕೊಂಡಿತ್ತು.

ಕೀರ್ತನೆಯನ್ನು ಕೈಬಿಟ್ಟಾಗ ಸರ್ಕಾರದ ಕಡೆಯಿಂದ ಬಂದ ಸಮಜಾಯಿಷಿ, ಸ್ವಾತಂತ್ರ್ಯದ ಅಮೃತ ಮಹೋತ್ಸವದ ಹೊತ್ತಿನಲ್ಲಿ ಭಾರತೀಯ ಧಾಟಿಗಳೇ ಹೆಚ್ಚು ಒಪ್ಪುತ್ತವೆ ಎಂದು. ಆ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. 1962ರ ಯುದ್ಧದಲ್ಲಿ ಮಡಿದವರಿಗಾಗಿ ಕವಿ ಪ್ರದೀಪ್ ಬರೆದು, ಸಿ. ರಾಮಚಂದ್ರ ರಾಗ ಕೂಡಿಸಿ, 1963ರ ಜನವರಿಯಲ್ಲಿ ಲತಾ ಮಂಗೇಶ್ಕರ್ ನೆಹರೂ ಎದುರು ಹಾಡಿದ ಗೀತೆ ಕೋಟ್ಯಂತರ ಜನರ ನಾಲಿಗೆಯ ಮೇಲಿದೆ. ಇಂಗ್ಲಿಷ್ ಕೀರ್ತನೆಗೆ ಆ ಬಳಕೆ ಎಂದೂ ಬರಲಿಲ್ಲ. ಒಂದು ಧಾಟಿ ಹೋದದ್ದಕ್ಕೆ ಕ್ರೈಸ್ತರ ದೇಶಭಕ್ತಿಗೇನೂ ಕುಂದಿಲ್ಲ. ಆದರೆ ಸಾಯೋಕ್ ಮುಂಚೆ ಹಾಡುವುದು ಎಂದು ದೊಡ್ಡಪ್ಪ ಗುರುತಿಸಿದ್ದೇನು? ಅದು ತಿಳಿಯಬೇಕಾದರೆ 1915ರ ಬ್ರಸೆಲ್ಸ್‌ಗೆ ಹೋಗಬೇಕು.

ಈಡಿತ್ ಕ್ಯಾವೆಲ್ ಇಂಗ್ಲೆಂಡಿನ ಹಳ್ಳಿಯೊಂದರ ಸಭಾಪಾಲಕರ ಮಗಳು. ಬ್ರಸೆಲ್ಸ್‌ನಲ್ಲಿ ನರ್ಸ್‌ಗಳ ತರಬೇತಿ ಶಾಲೆ ನಡೆಸುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಜರ್ಮನರು ಆ ಊರನ್ನು ಹಿಡಿದಾಗ ಅವರು ಊರು ಬಿಡಲಿಲ್ಲ. ಜರ್ಮನ್ ಗಾಯಾಳುಗಳಿಗೂ ಅಲ್ಲಿ ಆರೈಕೆ ಸಿಕ್ಕಿತು. ಅದರ ಜೊತೆಗೇ ಸುಮಾರು 200 ಮಿತ್ರಪಡೆ ಸೈನಿಕರು ಗಡಿ ದಾಟಿ ಹಾಲೆಂಡಿಗೆ ತಪ್ಪಿಸಿಕೊಳ್ಳಲು ನೆರವಾದರು. ಸಿಕ್ಕಿಬಿದ್ದ ಮೇಲೆ ಸುಳ್ಳು ಹೇಳಲಿಲ್ಲ, ಮಾಡಿದ್ದನ್ನು ಒಪ್ಪಿಕೊಂಡರು. ಮರಣದಂಡನೆಯಾಯಿತು.

ಅಕ್ಟೋಬರ್ 11ರ ರಾತ್ರಿ ಪಾದ್ರಿ ಸ್ಟರ್ಲಿಂಗ್ ಗಹನ್ ಸೆರೆಕೋಣೆಗೆ ಹೋಗಿ ಕರ್ತನ ಭೋಜನ ಕೊಟ್ಟರು. ಇಬ್ಬರೂ ಸೇರಿ ಹೇಳಿಕೊಂಡದ್ದು ಇದೇ ‘ಅಬೈಡ್ ವಿತ್ ಮಿ’. ದೇವರ ಎದುರು, ನಿತ್ಯತ್ವದ ಎದುರು ನಿಂತಾಗ ತನಗೆ ತಿಳಿದದ್ದನ್ನೂ ಕ್ಯಾವೆಲ್ ಆ ಪಾದ್ರಿಗೆ ಹೇಳಿದರು: ದೇಶಪ್ರೇಮ ಒಂದೇ ಸಾಲದು, ಯಾರ ಮೇಲೂ ದ್ವೇಷವಾಗಲಿ ಕಹಿಯಾಗಲಿ ಉಳಿಯಬಾರದು. ಬೆಳಗಾಗುತ್ತಲೇ ಗುಂಡಿಕ್ಕಿದರು.

ಮುಂದೆ ನಡೆದದ್ದು ಈ ವಿಷಯದ ತಿರುಳು. ಬ್ರಿಟನ್ ಆಕೆಯ ಸಾವನ್ನು ಸೈನ್ಯಕ್ಕೆ ಜನ ಸೇರಿಸುವ ಪ್ರಚಾರಕ್ಕೆ ಬಳಸಿತು. ದ್ವೇಷ ಬೇಡವೆಂದವಳ ಚಿತ್ರವೇ ದ್ವೇಷ ಹೊತ್ತಿಸುವ ಕಡ್ಡಿಯಾಯಿತು. 1920ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದ ಪಕ್ಕದಲ್ಲೇ ಸ್ಮಾರಕ ಎದ್ದಿತು. ರಾಜನಿಗಾಗಿ, ದೇಶಕ್ಕಾಗಿ ಎಂದು ಕಲ್ಲಿನ ಮೇಲೆ ಕೆತ್ತಿದರು. ಆಕೆಯದೇ ಆದ ಮಾತಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ. ಮಹಿಳಾ ಸಂಘಟನೆಯ ಒತ್ತಾಯದಿಂದ 1924ರಲ್ಲಷ್ಟೇ ಅದನ್ನು ಸೇರಿಸಲಾಯಿತು. ಆಕೆಯ ತ್ಯಾಗವನ್ನು ದೇಶ ಒಡನೆಯೇ ಎತ್ತಿಕೊಂಡಿತು, ಆ ತ್ಯಾಗದ ಹಿಂದಿದ್ದ ವಿಶ್ವಾಸ ಕಲ್ಲಿನ ಮೇಲೆ ಬರಲು ಇನ್ನೂ ನಾಲ್ಕು ವರ್ಷ ಹಿಡಿಯಿತು.

ಕ್ಯಾವೆಲ್ ಹೇಳಿದ್ದು ಹೊಸ ಬೋಧನೆಯೇನಲ್ಲ. ಯುದ್ಧದ ವಿಷಯದಲ್ಲಿ ಕ್ರೈಸ್ತರೆಲ್ಲ ಒಂದೇ ಮಾತು ಆಡಿದವರಲ್ಲ. ಕ್ವೇಕರ್, ಮೆನೊನೈಟ್ ಪಂಥದವರು ಆಯುಧವನ್ನೇ ಮುಟ್ಟುವುದಿಲ್ಲ ಎಂದರು. ಅಗಸ್ಟೀನ್ ಹಾಕಿದ ದಾರಿಯಲ್ಲಿ ನಡೆದ ಬಹುಪಾಲು ಸಭೆಗಳು, ಕೆಲವೊಮ್ಮೆ ಯುದ್ಧ ಅನಿವಾರ್ಯ, ಆದರೆ ಅದಕ್ಕೆ ಷರತ್ತುಗಳಿವೆ ಎಂದವು. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಅವನ್ನು ಮೂರಕ್ಕೆ ಇಳಿಸಿದ: ಯುದ್ಧ ಸಾರುವವರಿಗೆ ಅಧಿಕಾರ ಇರಬೇಕು, ಕಾರಣ ನ್ಯಾಯವಾಗಿರಬೇಕು, ಉದ್ದೇಶ ಶುದ್ಧವಾಗಿರಬೇಕು. ಮೊದಲ ಎರಡನ್ನು ಸರ್ಕಾರ, ಸಂಸತ್ತು ನೋಡಿಕೊಂಡಾವು. ಮೂರನೆಯದು ಮನುಷ್ಯನ ಎದೆಯೊಳಗಿನದು. ನ್ಯಾಯವಾದ ಯುದ್ಧದಲ್ಲೂ ಹಗೆ ತೀರಿಸಿಕೊಳ್ಳುವ ಆಸೆ ಹೊಕ್ಕರೆ ಅದು ಪಾಪ. ಅದನ್ನು ಅಳೆಯುವ ಅಧಿಕಾರಿ ಯಾವ ಸೈನ್ಯದಲ್ಲೂ ಇಲ್ಲ. ವಿಶ್ವಾಸಕ್ಕೆ ಕೆಲಸ ಇರುವುದು ಅಲ್ಲಿ.

ವಿಶ್ವಾಸ ಸೈನಿಕನನ್ನು ಮೆತ್ತಗಾಗಿಸುತ್ತದೆಯೇ ಎಂಬ ಅನುಮಾನ ಕೆಲವರಿಗೆ. 1999ರ ಜೂನ್ 28ರ ರಾತ್ರಿಯನ್ನು ನೆನೆಯಬಹುದು. ನಾಗಾಲ್ಯಾಂಡಿನ ಕ್ರೈಸ್ತ ಕುಟುಂಬದ ಕ್ಯಾಪ್ಟನ್ ನೈಕೆಝಾಕುಓ ಕೆಂಗುರೂಸ್ ಕಾರ್ಗಿಲ್‌ನ ಕಡಿದಾದ ಬಂಡೆ ಏರುವಾಗ ಬೂಟು ಜಾರುತ್ತದೆಂದು ಅದನ್ನೇ ಕಳಚಿಟ್ಟು, ಕೊರೆಯುವ ಚಳಿಯಲ್ಲಿ ಬರಿಗಾಲಲ್ಲಿ ಹತ್ತಿದ. ಅವನು ಹೋರಾಡಿದ್ದು 2ನೇ ರಾಜಪುತಾನಾ ರೈಫಲ್ಸ್ ಜೊತೆ. ಆ ರೆಜಿಮೆಂಟಿನ ಯುದ್ಧಘೋಷ ‘ರಾಜಾ ರಾಮಚಂದ್ರ ಕೀ ಜೈ’. ‘ನಿಂಬು ಸಾಬ್’ ಎಂದು ಅಕ್ಕರೆಯಿಂದ ಕರೆಯುತ್ತಿದ್ದ ಜವಾನರಿಗಾಗಿ ಜೀವ ಕೊಟ್ಟ. ಮಹಾವೀರ ಚಕ್ರ ಮರಣಾನಂತರ ಬಂತು. ಸೈನ್ಯದಲ್ಲಿ ವಿಶ್ವಾಸಗಳು ಹೀಗೆ ಒಂದರ ಹೆಗಲಿಗೆ ಒಂದು ಹೆಗಲು ಕೊಟ್ಟೇ ಬಂದಿವೆ. ಅಲ್ಲಿ ಯಾರ ದೇಶಭಕ್ತಿಗೂ ಪ್ರಮಾಣಪತ್ರ ಬೇಕಾಗಿಲ್ಲ.

ಬೇಕಾಗಿರುವುದು ನಮಗೆ, ಮನೆಯಲ್ಲಿ ಕೂತು ಯುದ್ಧದ ಸುದ್ದಿ ನೋಡುವವರಿಗೆ. ಗಡಿಯಲ್ಲಿ ಗುಂಡು ಹಾರಿದ ರಾತ್ರಿ ಟಿ.ವಿ. ಚರ್ಚೆಗಳಲ್ಲಿ ಕೂಗುವವರಾಗಲಿ, ಮೊಬೈಲಿನಲ್ಲಿ ಸಂದೇಶ ತಳ್ಳುವವರಾಗಲಿ ಸಾಯುವ ಸರದಿಯಲ್ಲಿ ಇರುವವರಲ್ಲ. ಸಾವನ್ನು ಹತ್ತಿರದಿಂದ ಕಂಡವರ ಭಾಷೆಯೇ ಬೇರೆ.

ನಮ್ಮ ಮನೆಯಲ್ಲಿ ಈಗಲೂ ರಾತ್ರಿ ಕುಟುಂಬ ಪ್ರಾರ್ಥನೆ ನಡೆಸುವವರು ದೊಡ್ಡಪ್ಪನೇ. ಗಡಿಯಲ್ಲಿ ನಿಂತ ಜವಾನರಿಗಾಗಿ ಬೇಡುತ್ತಾರೆ. ಆಮೇಲೆ ಒಂದು ಕ್ಷಣ ತಡೆದು, ಆಚೆ ಕಡೆಯ ಹುಡುಗರ ತಾಯಂದಿರಿಗಾಗಿ ಬೇಡುತ್ತಾರೆ. ಇದೇನೆಂದು ಒಮ್ಮೆ ಕೇಳಿದ್ದೆ. “ನೆಲಬಾಂಬ್ ತೆಗೆಯುವಾಗ ಅದನ್ನ ಹುಗಿದೋನೂ ನನ್ನಷ್ಟೇ ಹೆದರಿ ಹುಗಿದಿದಾನೆ ಅಂತ ಗೊತ್ತಾಗ್ತಿತ್ತು,” ಎಂದರು. ಆಮೇಲೆ ‘ಆಮೆನ್’ ಹೇಳಿ ಕನ್ನಡಕ ತೆಗೆದಿಟ್ಟರು.