ಸಾರಥಿಗೂ ವಿಶ್ರಾಂತಿ ಬೇಕು

2026ರ ವಿಶ್ವಕಪ್ ಫುಟ್‌ಬಾಲ್‌ನ 7 ಪಂದ್ಯಗಳು ಹ್ಯೂಸ್ಟನ್‌ಗೂ 9 ಪಂದ್ಯಗಳು ಡಲ್ಲಾಸ್ ಬಳಿಯ ಆರ್ಲಿಂಗ್ಟನ್‌ಗೂ ಹಂಚಿಕೆಯಾಗಿವೆ. ನಾನಿರುವ ಪೇರ್ಲ್ಯಾಂಡ್‌ಗೆ ಹ್ಯೂಸ್ಟನ್ ಕ್ರೀಡಾಂಗಣ ಸಮೀಪ. ಆರ್ಲಿಂಗ್ಟನ್ ಸುಮಾರು 400 ಕಿ.ಮೀ. ದೂರ. ಊರಿನಿಂದ ಬಂದ ನೆಂಟರಿಗೆಂದು ಚಾಲಕಸಹಿತ ಕಾರು ಗೊತ್ತುಮಾಡುವಾಗ ನಾವು ಬೆಳಿಗ್ಗೆ ಪಯಣ, ಮಧ್ಯಾಹ್ನ ಡಲ್ಲಾಸ್ ದರ್ಶನ, ಸಂಜೆ ಪಂದ್ಯ, ರಾತ್ರಿಯೇ ವಾಪಸು ಎಂದು ಲೆಕ್ಕ ಹಾಕುತ್ತೇವೆ. ಚಾಲಕನ ನಿದ್ದೆ ಆ ಲೆಕ್ಕಕ್ಕೆ ಸೇರುವುದಿಲ್ಲ. ಸತತ 17 ಗಂಟೆ ಎಚ್ಚರವಿದ್ದವನ ಚುರುಕು, ರಕ್ತದಲ್ಲಿ ಶೇ 0.05ರಷ್ಟು ಮದ್ಯವಿದ್ದವನಷ್ಟೇ ಕುಗ್ಗುತ್ತದೆ ಎನ್ನುತ್ತದೆ ವೈದ್ಯವಿಜ್ಞಾನ. ಕುಡಿದವನ ಕಾರು ಹತ್ತದ ನಾವು ತೂಕಡಿಸುವವನ ಕೈಗೆ ತಂದೆತಾಯಿಯರನ್ನು ಒಪ್ಪಿಸುವುದು ಸರಿಯೇ? ಚಾಲಕನಿಗೂ ಒಂದು ರಾತ್ರಿಯ ಕೋಣೆ ಹಿಡಿಯೋಣ. ಅದು ಔದಾರ್ಯವಲ್ಲ, ನಮ್ಮವರ ಜೀವದ ಹೊಣೆ.