ಟರ್ಬೊ ಕಾರಿಗೆ ಟ್ರಾಕ್ಟರ್ ಎಣ್ಣೆಯೇ?

ಜೇವರ್ಗಿ ತಾಲ್ಲೂಕಿನ ಕೊಳಕೂರಿನಂಥ ಊರಿಗೂ ಇವತ್ತು ಟರ್ಬೊ ಕಾರು ಬರುತ್ತದೆ. ಬೆಂಗಳೂರಿನಲ್ಲಿ ದುಡಿಯುವ ಹುಡುಗ ಹಬ್ಬಕ್ಕೋ ಜಾತ್ರೆಗೋ ಹೊರಟರೆ ಹಿರಿಯೂರು, ಬಳ್ಳಾರಿ, ಸಿಂಧನೂರು, ಶಹಾಪುರ ದಾಟಿ ಐನೂರು ಕಿಲೋಮೀಟರಿಗೂ ಹೆಚ್ಚು ಓಡಿಸಿಕೊಂಡು ಬಂದು ಊರು ಮುಟ್ಟುತ್ತಾನೆ. ಆಯಿಲ್ ಬದಲಿಸುವ ಹೊತ್ತಾಗಿದೆ ಎಂದು ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಗಾಡಿ ನಿಲ್ಲಿಸಿದರೆ ಅವನಿಗೆ ಸಿಗುವ ಉಪದೇಶ ಒಂದೇ: "ನಮ್ ಕಡಿ ಬಿಸ್ಲು ಭಾಳ ಅದರಿ. ತೆಳ್ಳನ್ ಆಯಿಲ್ ನಿಲ್ಲಂಗಿಲ್ಲ. ದಪ್ಪಂದು ಹಾಕ್ರಿ."

ಹೀಗೆ ಹತ್ತು ಲಕ್ಷದ ಕಾರಿನ ಹೊಟ್ಟೆಗೆ ಟ್ರಾಕ್ಟರಿನ ಎಣ್ಣೆ ಇಳಿಯುತ್ತದೆ. ಒಂದೆರಡು ವರ್ಷಕ್ಕೆ ಟರ್ಬೊ ಶಿಳ್ಳೆ ಹಾಕುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ, ರಿಪೇರಿಗೆ ಹತ್ತಾರು ಸಾವಿರ ರೂಪಾಯಿ ಕೈಬಿಡುತ್ತದೆ. ಆಗ ಬೈಗುಳ ಯಾರಿಗೆ? ಮಿಸ್ತ್ರಿಗೆ! ಇದು ಯಾವ ನ್ಯಾಯ?

ಮಿಸ್ತ್ರಿ ಮೋಸಗಾರನಲ್ಲ. ಅವನು ಹೇಳಿದ್ದು ಅವನ ಗುರು ಹೇಳಿಕೊಟ್ಟ ಮಾತು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಓಡಿದ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಆ ಎಂಜಿನ್ನುಗಳಲ್ಲಿ ಭಾಗ ಭಾಗದ ನಡುವೆ ಸಂದು ಹೆಚ್ಚು, ಟರ್ಬೊ ಇಲ್ಲ, 20ಡಬ್ಲ್ಯು-40 ಹಾಕಿದರೆ ಗಾಡಿ ನೆಮ್ಮದಿಯಾಗಿ ಓಡುತ್ತಿತ್ತು. ಎಂಜಿನ್ ಬದಲಾಯಿತು. ಬದಲಾದದ್ದನ್ನು ಮಿಸ್ತ್ರಿಗೆ ಅವನ ಭಾಷೆಯಲ್ಲಿ ಹೇಳಲು ಮಾತ್ರ ಯಾರೂ ಬರಲಿಲ್ಲ. ನಮ್ಮ ತಕರಾರು ಇರುವುದು ಇಲ್ಲಿ.

ಬಿಸಿಲಿಗೂ ಎಣ್ಣೆಗೂ ನಂಟೆಷ್ಟು?

ಕಲಬುರಗಿ ಜಿಲ್ಲೆಯ ಮೇ ತಿಂಗಳ ಬಿಸಿಲು 43-44 ಡಿಗ್ರಿ ಮುಟ್ಟುತ್ತದೆ. ಹೊರಗೆ ನಿಂತವನ ನೆತ್ತಿ ಸುಡುತ್ತದೆ, ನಿಜ. ಆದರೆ ಎಂಜಿನ್ ಒಳಗೆ ಓಡಾಡುವ ಎಣ್ಣೆಯ ಶಾಖ ಸುಮಾರು 90ರಿಂದ 110 ಡಿಗ್ರಿ. ಮಡಿಕೇರಿಯ ಮಳೆಯಲ್ಲಿ ಓಡಿಸಿದರೂ ಬಿಸಿಯಾದ ಮೇಲೆ ಹೆಚ್ಚುಕಡಿಮೆ ಅಷ್ಟೇ. ಎಂಜಿನ್ನಿನ ಶಾಖವನ್ನು ಹತೋಟಿಯಲ್ಲಿಡಲು ರೇಡಿಯೇಟರ್, ಥರ್ಮೋಸ್ಟಾಟ್ ಇವೆ. ಹೊರಗಿನ ಬಿಸಿಲು ಹತ್ತು ಡಿಗ್ರಿ ಏರಿತೆಂದು ಎಣ್ಣೆ ನೀರಾಗಿಬಿಡುವುದಿಲ್ಲ.

ಡಬ್ಬಿಯ ಮೇಲೆ 5ಡಬ್ಲ್ಯು-30 ಎಂದಿರುತ್ತದಲ್ಲ, ಅದನ್ನು ಬಿಡಿಸಿ ನೋಡಿ. 'ಡಬ್ಲ್ಯು' ಎಂದರೆ ಚಳಿಗಾಲ. ಅದರ ಹಿಂದಿನ ಅಂಕೆ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದರದ್ದು. ಅಂಕೆ ಚಿಕ್ಕದಾದಷ್ಟೂ ಬೇಗ ಹರಿಯುತ್ತದೆ. ಕೊನೆಯ ಅಂಕೆ ನೂರು ಡಿಗ್ರಿ ಶಾಖದಲ್ಲಿ ಎಣ್ಣೆ ಉಳಿಸಿಕೊಳ್ಳುವ ಸ್ನಿಗ್ಧತೆಯದ್ದು. ಅಂದರೆ ಬಿಸಿಯಾದಾಗ ಎಣ್ಣೆ ಎಷ್ಟು ದಪ್ಪ ಇರಬೇಕೆಂಬ ಲೆಕ್ಕವನ್ನು ಎಂಜಿನ್ ಮಾಡಿದವನು ಮೊದಲೇ ಹಾಕಿ ಮುಗಿಸಿದ್ದಾನೆ. ಅವನ ಲೆಕ್ಕದ ಮೇಲೆ ನಾವು ಅಂದಾಜಿನ ಲೆಕ್ಕ ಹಾಕುವುದು ವೈದ್ಯರ ಚೀಟಿಯನ್ನು ಕಿರಾಣಿ ಅಂಗಡಿಯಲ್ಲಿ ತಿದ್ದಿಸಿಕೊಂಡ ಹಾಗೆ.

ನಮ್ಮಲ್ಲಿ ಹಿಮ ಬೀಳುವುದಿಲ್ಲವಲ್ಲ, ಚಳಿಗಾಲದ ಅಂಕೆ ನಮಗೇಕೆ ಎನ್ನುವವರಿದ್ದಾರೆ. 20 ಡಿಗ್ರಿಯ ಬೆಳಗ್ಗೆಯೂ ಎಂಜಿನ್ನಿಗೆ ತಣ್ಣನೆಯ ಬೆಳಗ್ಗೆಯೇ. ರಾತ್ರಿಯೆಲ್ಲ ತಳಕ್ಕೆ ಇಳಿದ ಎಣ್ಣೆ ಕೀಲಿ ತಿರುಗಿಸಿದೊಡನೆ ಮೇಲೇರಿ ಟರ್ಬೊ ಮುಟ್ಟಬೇಕು. ಅದು ತಡವಾದ ಪ್ರತಿ ಕ್ಷಣವೂ ಲೋಹಕ್ಕೆ ಲೋಹ ತಿಕ್ಕುವ ಕ್ಷಣ.

ಟರ್ಬೊ ಕೇಳುವುದೇನು?

ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ ಎಂಬ ಎಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಎಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗುತ್ತದೆ. ಅದೇ ದಂಡಕ್ಕೆ ಕೂಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಇಂಧನ ಹೆಚ್ಚು ಸುಡಬಹುದು, ಚಿಕ್ಕ ಎಂಜಿನ್ ದೊಡ್ಡದರ ಕೆಲಸ ಮಾಡುತ್ತದೆ. ಮೂರು ಸಿಲಿಂಡರಿನ ಒಂದು ಲೀಟರ್ ಎಂಜಿನ್ ಇವತ್ತು ಐದು ಜನರನ್ನು ಹೊತ್ತು ಓಡುವುದು ಈ ಬಲದಿಂದ.

ಆ ದಂಡ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ. ಪೆಟ್ರೋಲ್ ಕಾರಿನಲ್ಲಿ ಅದರ ಒಂದು ತುದಿಗೆ ಬಡಿಯುವ ಹೊಗೆಯ ಶಾಖ 900 ಡಿಗ್ರಿ ದಾಟಬಹುದು. ಆ ದಂಡವನ್ನು ಹೆಚ್ಚಿನ ಕಾರುಗಳಲ್ಲಿ ಹಿಡಿದು ನಿಲ್ಲಿಸಿರುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪೊರೆ. ಜಾರಿಸುವುದೂ ಅದೇ, ತಂಪು ಮಾಡುವುದೂ ಅದೇ. ಹೆದ್ದಾರಿಯಲ್ಲಿ ಜೋರಾಗಿ ಬಂದು ಗಕ್ಕನೆ ಎಂಜಿನ್ ಆರಿಸಿದರೆ ಪೊರೆಯಲ್ಲಿ ನಿಂತ ಎಣ್ಣೆ ಸುಟ್ಟು ಕರಿಕಾಗುತ್ತದೆ. ಕರಿಕು ದಾರಿ ಕಟ್ಟುತ್ತದೆ. ಕಳಪೆ ಎಣ್ಣೆ ಬೇಗ ಕರಿಕಾಗುತ್ತದೆ, ಒಳ್ಳೆಯ ಸಿಂಥೆಟಿಕ್ ಎಣ್ಣೆ ತಡೆದುಕೊಳ್ಳುತ್ತದೆ. ಊರು ಮುಟ್ಟಿದ ಮೇಲೆ ಒಂದು ನಿಮಿಷ ಎಂಜಿನ್ ಸುಮ್ಮನೆ ಓಡಲಿ, ಆಮೇಲೆ ಆರಿಸಿ. ಇದಕ್ಕೆ ಕಾಸು ಖರ್ಚಿಲ್ಲ.

'ಸಿಂಥೆಟಿಕ್' ಎಂಬ ಪದ ಕಂಡೊಡನೆ ಮರುಳಾಗಲೂ ಬೇಡಿ. 1999ರಲ್ಲಿ ಅಮೆರಿಕದ ಜಾಹೀರಾತು ಪರಿಶೀಲನಾ ಸಂಸ್ಥೆಯ ಮುಂದೆ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಕಂಪನಿಗಳ ವ್ಯಾಜ್ಯ ನಡೆದು, ಕಚ್ಚಾ ತೈಲದಿಂದಲೇ ಹೆಚ್ಚು ಸಂಸ್ಕರಿಸಿ ತೆಗೆದ ಎಣ್ಣೆಯನ್ನೂ ಸಿಂಥೆಟಿಕ್ ಎನ್ನಬಹುದು ಎಂದಾಯಿತು. ಡಬ್ಬಿಯ ಮುಂಭಾಗದ ದೊಡ್ಡ ಅಕ್ಷರ ವ್ಯಾಪಾರದ್ದು. ನಿಮಗೆ ಬೇಕಾದ್ದು ಹಿಂಭಾಗದ ಸಣ್ಣ ಅಕ್ಷರ.

ಪೆಟ್ರೋಲಿಗೊಂದು, ಡೀಸೆಲ್ಲಿಗೊಂದು

ಆ ಸಣ್ಣ ಅಕ್ಷರದಲ್ಲಿ ಮೊದಲು ಹುಡುಕಬೇಕಾದ್ದು ಎಪಿಐ ದರ್ಜೆ. 'ಎಸ್' ಎಂದು ಶುರುವಾದರೆ ಪೆಟ್ರೋಲ್ ಎಂಜಿನ್ನಿಗೆ, 'ಸಿ' ಎಂದರೆ ಡೀಸೆಲ್ಲಿಗೆ. ಪೆಟ್ರೋಲಿನಲ್ಲಿ ಎಸ್‌ಎನ್ ದರ್ಜೆ 2010ರದ್ದು, ಎಸ್‌ಪಿ 2020ರದ್ದು, ಎಸ್‌ಕ್ಯೂ 2025ರದ್ದು. ಅಕ್ಷರ ಮುಂದೆ ಹೋದಷ್ಟೂ ಹೊಸದು. ಎಸ್‌ಎನ್ ಕೇಳಿದ ಕಾರಿಗೆ ಎಸ್‌ಪಿ ಹಾಕಬಹುದು, ಎಸ್‌ಪಿ ಕೇಳಿದ ಕಾರಿಗೆ ಎಸ್‌ಎನ್ ಸಲ್ಲದು.

ಇದೇನು ಕಂಪನಿಯವರ ಹೊಸ ವರಸೆಯೇ? ಅಲ್ಲ. ಸಿಲಿಂಡರಿಗೆ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಚಿಕ್ಕ ಟರ್ಬೊ ಎಂಜಿನ್ನುಗಳಲ್ಲಿ ಒಂದು ಹೊಸ ಕಾಯಿಲೆ ಕಾಣಿಸಿತು. ದೊಡ್ಡ ಗೇರಿನಲ್ಲಿ, ಕಡಿಮೆ ವೇಗದಲ್ಲಿ ಆಕ್ಸಲರೇಟರ್ ಒಮ್ಮೆಲೇ ತುಳಿದಾಗ, ಪೆಟ್ರೋಲಿನೊಂದಿಗೆ ಬೆರೆತ ಎಣ್ಣೆಯ ಹನಿ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವುದಕ್ಕೆ ಮುಂಚೆಯೇ ಹೊತ್ತಿಕೊಳ್ಳುತ್ತದೆ. ಆ ಪೆಟ್ಟಿಗೆ ಪಿಸ್ಟನ್ನೇ ಒಡೆಯಬಹುದು. ಎಣ್ಣೆಗೆ ಸೇರಿಸುವ ಕ್ಯಾಲ್ಸಿಯಂ ಇದನ್ನು ಹೆಚ್ಚಿಸುತ್ತದೆ, ಬದಲಿಗೆ ಮೆಗ್ನೀಸಿಯಂ ಬಳಸಿದರೆ ತಗ್ಗುತ್ತದೆ ಎಂದು ಪರೀಕ್ಷೆಗಳು ತೋರಿಸಿದವು. 2018ರ ಎಸ್‌ಎನ್ ಪ್ಲಸ್ ಹುಟ್ಟಿದ್ದು ಇದನ್ನು ತಡೆಯಲಿಕ್ಕೆ. ಎಸ್‌ಪಿ ಅದರ ಜೊತೆಗೆ ಟೈಮಿಂಗ್ ಚೈನ್ ಸವೆತದ ಪರೀಕ್ಷೆಯನ್ನೂ ಸೇರಿಸಿತು. ಮಿಸ್ತ್ರಿಯ 'ದಪ್ಪ-ತೆಳು' ಲೆಕ್ಕದಲ್ಲಿ ಇದಾವುದೂ ಬರುವುದಿಲ್ಲ. ಎಷ್ಟೇ ದಪ್ಪ ಎಣ್ಣೆ ಹಾಕಿದರೂ ಈ ಕಾಯಿಲೆಗೆ ಅದು ಮದ್ದಲ್ಲ.

ಡೀಸೆಲ್ ಕಾರಿನವರ ಕಥೆಯೇ ಬೇರೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಜಾರಿಗೆ ಬಂತು. ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜರಡಿ ಕೂತಿತು. ಅದನ್ನೇ ಡಿಪಿಎಫ್ ಎನ್ನುವುದು. ಜರಡಿಯಲ್ಲಿ ಕೂತ ಮಸಿಯನ್ನು ಕಾರು ಆಗಾಗ ತಾನೇ ಸುಟ್ಟುಕೊಳ್ಳುತ್ತದೆ. ಆದರೆ ಎಣ್ಣೆಯಿಂದ ಬರುವ ಬೂದಿ ಸುಡುವುದಿಲ್ಲ. ಅಲ್ಲೇ ಕೂತು ಜರಡಿ ಕಟ್ಟುತ್ತದೆ. ಹೀಗಾಗಿ ಇಂಥ ಕಾರುಗಳಿಗೆ ಕಡಿಮೆ ಬೂದಿಯ ಎಣ್ಣೆಯೇ ಬೇಕು. ಯುರೋಪಿನ ಎಸಿಇಎ ಸಿ3 ದರ್ಜೆಯಲ್ಲಿ ಬೂದಿ 0.8 ಶೇಕಡಾ ಮೀರುವಂತಿಲ್ಲ. ಲಾರಿ, ಟ್ರಾಕ್ಟರುಗಳಿಗೆ ಸುರಿಯುವ ಹಳೆಯ ಸಿಐ-4 ದರ್ಜೆಗೆ ಅಂಥ ಮಿತಿಯೇ ಇಲ್ಲ! ಲಾರಿಗೆ ಅಮೃತವಾದದ್ದು ನಿಮ್ಮ ಕಾರಿನ ಜರಡಿಗೆ ವಿಷ.

ಊರೊಳಗೆ ನಾಲ್ಕು ಹೆಜ್ಜೆ ಓಡಿಸಿ ನಿಲ್ಲಿಸುವ ಡೀಸೆಲ್ ಕಾರಿನವರು ಇನ್ನೊಂದು ನೋಡಿಕೊಳ್ಳಿ. ಮಸಿ ಸುಡುವ ಕೆಲಸ ಅರ್ಧಕ್ಕೇ ನಿಂತರೆ ಸುಡದ ಡೀಸೆಲ್ ಇಳಿದು ಎಣ್ಣೆಗೆ ಬೆರೆಯುತ್ತದೆ. ಅಳತೆ ಕಡ್ಡಿಯಲ್ಲಿ ಎಣ್ಣೆ ಮೇಲಿನ ಗೆರೆ ದಾಟಿದರೆ "ಎಣ್ಣೆ ಕಮ್ಮಿಯಾಗಿಲ್ಲ, ಒಳ್ಳೆಯದೇ" ಎಂದು ಸುಮ್ಮನಿರಬೇಡಿ. ತೆಗೆಸಿ ಹೊಸದು ಹಾಕಿಸಿ.

ಭೀಮಾ ತೀರದ ಕರಿಮಣ್ಣಿನ ಧೂಳನ್ನೂ ಲೆಕ್ಕಕ್ಕೆ ಹಿಡಿಯಿರಿ. ತೊಗರಿ ರಾಶಿಯ ದಿನಗಳಲ್ಲಿ ಈ ಹಾದಿಯಲ್ಲಿ ಓಡಿಸಿದವರಿಗೆ ಹೇಳಬೇಕಿಲ್ಲ. ಏರ್ ಫಿಲ್ಟರ್ ಕೆಟ್ಟರೆ ಧೂಳು ಟರ್ಬೊ ಚಕ್ರವನ್ನು ಕಡಿಯುತ್ತದೆ, ಎಣ್ಣೆಯೊಳಗೆ ಸೇರಿ ಬೇರಿಂಗನ್ನೂ ಕಡಿಯುತ್ತದೆ. ಧೂಳು, ಭಾರ, ಮೆತ್ತಗಿನ ಟ್ರಾಫಿಕ್ ಇವುಗಳಲ್ಲಿ ಹೆಚ್ಚು ಓಡುವ ಗಾಡಿಗೆ ಎಣ್ಣೆ ಬೇಗ ಬದಲಿಸಬೇಕೆಂದು ಕಾರಿನ ಕೈಪಿಡಿಗಳೇ ಬೇರೆ ಗಡುವು ಕೊಡುತ್ತವೆ. ನಮ್ಮ ಬಿಸಿಲಿಗಾಗಿ ಮಾಡಬೇಕಾದ್ದು ಇದು: ದಪ್ಪ ಎಣ್ಣೆ ಹಾಕುವುದಲ್ಲ, ಸರಿಯಾದ ಎಣ್ಣೆಯನ್ನು ಬೇಗ ಬದಲಿಸುವುದು. ಕೈಪಿಡಿಯೇ ಎರಡು ದರ್ಜೆ ಒಪ್ಪಿದ್ದರೆ, ಉದಾಹರಣೆಗೆ 5ಡಬ್ಲ್ಯು-30 ಮತ್ತು 5ಡಬ್ಲ್ಯು-40, ಆಗ ಭಾರ ಹೊತ್ತು ದೂರ ಓಡುವವರು ಎರಡನೆಯದನ್ನು ಧೈರ್ಯವಾಗಿ ಆರಿಸಿಕೊಳ್ಳಿ. ಒಂದನ್ನೇ ಹೇಳಿದ್ದರೆ ಅದೊಂದೇ.

ಪುಸ್ತಕ ಯಾರ ಭಾಷೆಯಲ್ಲಿದೆ?

ಈಗ ಮುಖ್ಯ ಮಾತಿಗೆ ಬರೋಣ. ಇಷ್ಟೆಲ್ಲ ವಿವರ ಕಾರಿನ ಕೈಪಿಡಿಯಲ್ಲಿದೆ, ಡಬ್ಬಿಯ ಹಿಂಭಾಗದಲ್ಲಿದೆ. ಆದರೆ ಯಾವ ಭಾಷೆಯಲ್ಲಿ? ಹೆಚ್ಚಿನ ಕಾರುಗಳ ಜೊತೆ ಬರುವ ಪುಸ್ತಕ ಇಂಗ್ಲಿಷಿನದು. ಕಿವಿಗೊಟ್ಟು ಕೇಳಿ ಎಂಜಿನ್ನಿನ ರೋಗ ಹೇಳಬಲ್ಲ ಮಿಸ್ತ್ರಿ ಆ ಪುಸ್ತಕದ ಮುಂದೆ ಮೂಕನಾಗುತ್ತಾನೆ. ನಮ್ಮ ಶಾಲೆಯ ವಿಜ್ಞಾನ ಪುಸ್ತಕದಲ್ಲಿ 'ಸ್ನಿಗ್ಧತೆ' ಎಂಬ ಪದವಿದೆ, ಅಂಗಡಿಯಲ್ಲಿ 'ದಪ್ಪ' ಎಂಬ ಪದವಿದೆ. ಈ ಎರಡನ್ನೂ ಡಬ್ಬಿಗೆ ಕೂಡಿಸುವ ಒಂದು ಸಾಲು ಕನ್ನಡ ಮಾತ್ರ ಇಲ್ಲ.

ಕಾನೂನು ಏನೆನ್ನುತ್ತದೆ? 2011ರ ಕೇಂದ್ರದ ಪೊಟ್ಟಣ ಸರಕು ನಿಯಮಗಳ ಪ್ರಕಾರ ಬೆಲೆ, ಅಳತೆ, ತಯಾರಕರ ಹೆಸರು ಮುಂತಾದವು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಲೇಬೇಕು. ಬೇರೆ ಭಾಷೆ ಬೇಕಿದ್ದರೆ ಜೊತೆಗೆ ಹಾಕಿಕೊಳ್ಳಿ, ಅಡ್ಡಿಯಿಲ್ಲ! ಅಡ್ಡಿಯಿಲ್ಲವೆಂಬ ಈ ಭಿಕ್ಷೆಯೇ ನಮ್ಮ ಪಾಲು. ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆನ್ನುತ್ತದೆ. ಹೊರಗೆ ತಯಾರಾಗಿ ಇಲ್ಲಿ ಮಾರಾಟವಾಗುವ ಡಬ್ಬಿಗೆ ಅದರ ಬಿಸಿ ತಾಗುವುದಿಲ್ಲ.

"ಎಪಿಐ, ಎಸ್‌ಪಿ ಎಲ್ಲ ಜಗತ್ತಿನ ಗುರುತು, ಅದಕ್ಕೆಂಥ ಕನ್ನಡ?" ಎಂದು ಮೂಗು ಮುರಿಯುವ ಜಾಣರಿದ್ದಾರೆ. ಗುರುತು ಹಾಗೇ ಇರಲಿ, ಯಾರು ಬೇಡವೆಂದರು? "ಜರಡಿ ಇರುವ ಡೀಸೆಲ್ ಕಾರಿಗೆ ಈ ಎಣ್ಣೆ ಹಾಕಬಾರದು" ಎಂಬ ಒಂದು ವಾಕ್ಯ ಜಗತ್ತಿನ ಗುರುತಲ್ಲ, ಎಚ್ಚರಿಕೆ. ಎಚ್ಚರಿಕೆ ಓದುವವನ ಭಾಷೆಯಲ್ಲಿ ಇಲ್ಲದಿದ್ದರೆ ಅದು ಎಚ್ಚರಿಕೆಯೇ ಅಲ್ಲ. ದುಡ್ಡು ಕನ್ನಡದವನದು, ಗಾಡಿ ಕನ್ನಡದವನದು, ನಷ್ಟವೂ ಕನ್ನಡದವನದು. ಅಕ್ಷರ ಮಾತ್ರ ಬೇರೆಯವರದು!

ನಗರದ ಗೆಳೆಯರೇ, ಕಾನೂನು ಬದಲಾಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ನಿಮಗೆ ಇಂಗ್ಲಿಷ್ ಬರುತ್ತದೆ. ಈ ಭಾನುವಾರ ಕೈಪಿಡಿ ತೆಗೆದು ಎಣ್ಣೆಯ ಪುಟ ಓದಿ. ಅಂಕೆ, ದರ್ಜೆ, ಎಷ್ಟು ಲೀಟರ್, ಎಷ್ಟು ಕಿಲೋಮೀಟರಿಗೆ ಎಂಬ ನಾಲ್ಕು ಸಾಲನ್ನು ಕನ್ನಡದಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸಿ. ಮುಂದೆ ಗಾಡಿ ಕೊಳಕೂರಿಗೆ ಹೋಗಲಿ, ಕೊಳ್ಳೇಗಾಲಕ್ಕೆ ಹೋಗಲಿ, ಮಿಸ್ತ್ರಿ ಅದನ್ನು ಓದುತ್ತಾನೆ. ಎಣ್ಣೆಯನ್ನು ಸೀಲು ನೋಡಿ, ರಸೀದಿ ಕೇಳಿ ತೆಗೆದುಕೊಳ್ಳಿ. ವಾರಂಟಿಯ ಜಗಳಕ್ಕೆ ಆ ರಸೀದಿಯೇ ಸಾಕ್ಷಿ. ಖಾಲಿ ಡಬ್ಬಿಗೆ ತೂತು ಹೊಡೆದು ಎಸೆಯಿರಿ, ಇಲ್ಲದಿದ್ದರೆ ಅದರಲ್ಲೇ ನಕಲಿ ಎಣ್ಣೆ ತುಂಬಿ ಬರುತ್ತದೆ.

ಹೊಸ ಕಾರು ಕೊಳ್ಳುವ ದಿನ ಷೋರೂಮಿನಲ್ಲಿ ಬಣ್ಣ ಕೇಳುತ್ತೀರಿ, ಸನ್‌ರೂಫ್ ಕೇಳುತ್ತೀರಿ. ಕನ್ನಡದ ಕೈಪಿಡಿ ಎಲ್ಲಿ ಎಂದೂ ಕೇಳಿ. ಇಲ್ಲವೆಂದರೆ ಅದನ್ನು ಬರವಣಿಗೆಯಲ್ಲಿ ಕೊಡಿ ಎನ್ನಿ. ಒಬ್ಬ ಕೇಳಿದರೆ ನಗುತ್ತಾರೆ, ನೂರು ಜನ ಕೇಳಿದರೆ ಅಚ್ಚು ಹಾಕಿಸುತ್ತಾರೆ.